ಕುಮಾರ ಗಂಧರ್ವರನ್ನು ಎಲ್ಲಿಂದ ಕೇಳತೊಡಗಬೇಕು?

ಪಂಡಿತ ಕುಮಾರ ಗಂಧರ್ವರ ಹೆಸರನ್ನು ಅರಿಯದ ಸುಶಿಕ್ಷಿತ ಮನೆತನಗಳು ಬಾಗಲಕೋಟೆಯ ಸೀಮೆಯಲ್ಲಿ ವಿರಳ. ಅವರ ಗಾಯನವನ್ನು ಒಂದು ತಾಸು ಮನಸ್ಸಿಟ್ಟು ಕೇಳಿದ ಮನೆತನಗಳು ಅದಕ್ಕಿಂತಲೂ ವಿರಳವೆಂದರೆ ತಪ್ಪಾಗಲಾರದು. ಹಿಂದುಸ್ತಾನಿ ಸಂಗೀತಕ್ಕೆ ಕನ್ನಡ ನಾಡು ಕೊಟ್ಟ ಗಾಯಕರನ್ನು ಎಣಿಸುವಾಗ ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು ಎಂಬ ಹೆಸರುಗಳೊಡನೆ ಕುಮಾರರ ಹೆಸರೂ ತಾನಾಗಿ ನಾಲಿಗೆಗೆ ಬರುತ್ತದೆ. ಅಭಿಮಾನವು ಅಲ್ಲಿಗೆ ತೃಪ್ತವಾಗುತ್ತದೆ; ಕಿವಿಯ ಕೆಲಸ ಮಾತ್ರ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಕೇಳುವವರ ಆಲಸ್ಯವೊಂದೇ ಕಾರಣವಲ್ಲ. ಕುಮಾರರು ಬಿಟ್ಟುಹೋದ ಗಾಯನಸಂಪತ್ತು ಬಹು ದೊಡ್ಡದು, ಮೇಲಾಗಿ ಬಹು ಬಗೆಯದು. ಪರಂಪರೆಯ ರಾಗಗಳಲ್ಲಿ ಹಾಡಿದ ಖ್ಯಾಲಗಳು ಒಂದು ಕಡೆ. ತಾವೇ ಕಂಡುಕೊಂಡ ಹೊಸ ರಾಗಗಳು ಇನ್ನೊಂದು ಕಡೆ. ಮಾಳವದ ಹೆಂಗಸರ ಹಾಡುಗಳು, ಕಬೀರ ಮತ್ತು ಗೋರಖನಾಥರ ನಿರ್ಗುಣ ಪದಗಳು, ಸೂರದಾಸ, ಮೀರಾ, ತುಲಸೀದಾಸ, ತುಕಾರಾಮರ ಪದಗಳು, ಮಳೆ ಚಳಿ ವಸಂತಗಳನ್ನು ಕುರಿತು ಪೋಣಿಸಿದ ಋತುಗೀತಗಳು, ಠುಮರಿ, ಟಪ್ಪಾ, ತರಾನಾ, ಕವಿ ಭಾ. ರಾ. ತಾಂಬೆಯವರ ಮರಾಠಿ ಕವಿತೆಗಳು, ಬಾಲಗಂಧರ್ವರ ನಾಟ್ಯಗೀತಗಳು ಇವೆಲ್ಲ ಒಬ್ಬನೇ ಮನುಷ್ಯನ ಕೊರಳಿನಿಂದ ಬಂದವು. ಇಂದು ಮೊಬೈಲಿನಲ್ಲಿ ಹೆಸರು ಬರೆದರೆ ಸಾಕು, ಇವೆಲ್ಲವೂ ಹಿಂದುಮುಂದಿಲ್ಲದೆ ಒಮ್ಮೆಲೆ ಎದುರಿಗೆ ಬಂದು ನಿಲ್ಲುತ್ತವೆ. ಹೊಸಬನು ಯಾವುದೋ ಒಂದನ್ನು ತೆರೆಯುತ್ತಾನೆ, ಸೋತು ಮುಚ್ಚುತ್ತಾನೆ, ಮತ್ತೆ ಆ ಕಡೆಗೆ ಸುಳಿಯುವುದಿಲ್ಲ. ಆದುದರಿಂದ ಎಲ್ಲಿಂದ ಆರಂಭಿಸಬೇಕೆಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಸಣ್ಣದಲ್ಲ. ತಪ್ಪಾದ ಬಾಗಿಲಿನಿಂದ ಒಳಹೊಕ್ಕವನು ಮನೆಯನ್ನೇ ನೋಡದೆ ಹಿಂದಿರುಗುವ ಸಂಭವವುಂಟು.

ಗಾಯಕರ ಚರಿತ್ರೆಯಲ್ಲಿ ಕೇಳುವವನಿಗೆ ಬೇಕಾದಷ್ಟನ್ನು ಮಾತ್ರ ಹೇಳುವುದಾದರೆ: ಅವರ ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಜನನ 1924ರ ಏಪ್ರಿಲ್ 8ರಂದು ಬೆಳಗಾವಿಯ ಬಳಿಯ ಸೂಳೇಭಾವಿಯಲ್ಲಿ. ಹುನಗುಂದದ ಕಡೆಯವರಿಗೆ ಸೂಳೇಭಾವಿಯೆಂದರೆ ತಮ್ಮ ನೆರೆಯ ನೇಕಾರರ ಊರು, ನಾಟಕಕಾರ ಪಿ. ಬಿ. ಧುತ್ತರಗಿಯವರ ಊರು. ಹೆಸರೊಂದೇ ಆದ ಮಾತ್ರಕ್ಕೆ ಕುಮಾರರನ್ನೂ ಅಲ್ಲಿಗೆ ಸೇರಿಸಿಕೊಳ್ಳಲು ಮನಸ್ಸಾಗಬಹುದು. ಆ ಸಂತೋಷವನ್ನು ಬಿಟ್ಟುಕೊಡಬೇಕಾಗುತ್ತದೆ. ದೊಡ್ಡ ಗವಾಯಿಗಳ ರಿಕಾರ್ಡು ಕೇಳಿ ಅದನ್ನು ಇದ್ದಕ್ಕಿದ್ದಂತೆ ಹಾಡಿ ತೋರಿಸುತ್ತಿದ್ದ ಈ ಬಾಲಕನಿಗೆ 'ಕುಮಾರ ಗಂಧರ್ವ' ಎಂಬ ಬಿರುದು ಎಳೆಯ ವಯಸ್ಸಿನಲ್ಲಿಯೇ ಬಂದಿತು. ಮುಂದೆ ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಬಳಿ ಶಿಕ್ಷಣ. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ, ಎಲ್ಲ ಘರಾಣೆಗಳ ಒಳ್ಳೆಯದಕ್ಕೂ ಬಾಗಿಲು ತೆರೆದಿಟ್ಟವರು. 1947ರಲ್ಲಿ ಭಾನುಮತಿಯವರೊಡನೆ ವಿವಾಹ. ಅಷ್ಟರಲ್ಲಿ ಕ್ಷಯರೋಗ ಹಿಡಿಯಿತು. ಒಣ ಹವೆಗಾಗಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋಗಿ ನೆಲಸಿದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಸುಮಾರು 5 ವರ್ಷ ಹಾಸಿಗೆಯಲ್ಲಿ ಮಲಗಿ ಸುತ್ತಲಿನ ಸದ್ದನ್ನು ಕೇಳಿದ್ದೇ ಕೇಳಿದ್ದು. 1953ರ ಹೊತ್ತಿಗೆ ಮತ್ತೆ ಸಭೆಯಲ್ಲಿ ಹಾಡಲು ಕುಳಿತಾಗ ಹಿಂದಿನ ಕುಮಾರರು ಅಲ್ಲಿರಲಿಲ್ಲ, ಬೇರೊಬ್ಬರಿದ್ದರು. 1992ರ ಜನವರಿ 12ರಂದು ದೇವಾಸದಲ್ಲಿಯೇ ತೀರಿಕೊಂಡರು.

ಹೊಸಬರಿಗೆ ಬಲ್ಲವರು ಸಾಮಾನ್ಯವಾಗಿ ಹೇಳುವ ಮಾತು, ನಿರ್ಗುಣ ಪದಗಳಿಂದ ಆರಂಭಿಸಿರಿ ಎಂಬುದು. ಅದರಲ್ಲಿ ಸದುದ್ದೇಶವಿದೆ. ಪದಗಳು ಚಿಕ್ಕವು, ಧಾಟಿ ಒಮ್ಮೆ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ, ಪತ್ನಿ ವಸುಂಧರಾ ಕೊಂಕಾಳಿಯವರ ಜೊತೆದನಿ ಇಂಪಾಗಿದೆ, ಹಂಸವು ಒಂಟಿಯಾಗಿ ಹಾರಿಹೋಗುವುದನ್ನು ಹೇಳುವ ಕಬೀರನ ಪದವನ್ನು ಕೇಳಿ ಕಣ್ಣು ತೇವವಾಗದವರು ಕಡಿಮೆ. ಆದರೂ ಈ ಸೀಮೆಯ ಶ್ರೋತೃಗಳಿಗೆ ಇದು ಸರಿಯಾದ ಆರಂಭವಲ್ಲವೆಂದು ಹೇಳಬೇಕಾಗಿದೆ. ಕಾರಣ ಆ ಪದಗಳಲ್ಲಿಲ್ಲ, ಶ್ರೋತೃಗಳ ಕಿವಿಯಲ್ಲಿದೆ.

ಅದು ಹೇಗೆಂದರೆ, ಬಾದಾಮಿ ಹುನಗುಂದಗಳ ಹಳ್ಳಿಗಳಲ್ಲಿ ಏಕತಾರಿ, ತಾಳ, ದಮ್ಮಡಿಗಳೊಡನೆ ತತ್ತ್ವಪದ ಹಾಡುವ ಭಜನೆಯ ಮೇಳಗಳಿಗೆ ಎಂದೂ ಬರವಿಲ್ಲ. ಶಿಶುನಾಳ ಶರೀಫರ ಪದ ಬಾರದ ಮೇಳವಿಲ್ಲ. ಕೂಡಲಸಂಗಮವಂತೂ ಹುನಗುಂದದ ನೆರೆಯಲ್ಲಿಯೇ ಇದೆ. ಅಲ್ಲಮನ ಬಯಲು, ಶೂನ್ಯ ಎಂಬ ಮಾತುಗಳು ಈ ಜನಕ್ಕೆ ಹೊಸವಲ್ಲ. ಇಳಕಲ್ಲಿನ ನೇಕಾರನಿಗೆ ಕಬೀರನು ಬೇರೆ ನಾಡಿನವನಾದರೂ ಒಂದೇ ಕಸಬಿನವನು. ನೂಲು, ಹಾಸು, ಹೊಕ್ಕುಗಳ ಉಪಮೆ ಬಂದೊಡನೆ ಹಿಂದಿ ಬಾರದವನಿಗೂ ಮಾತು ತಿಳಿದುಹೋಗುತ್ತದೆ. ಹೀಗಾಗಿ ಕುಮಾರರ ನಿರ್ಗುಣ ಪದವನ್ನು ಕೇಳಿದ ತಕ್ಷಣ ಅದರ ಅರ್ಥ ಕೈಗೆ ಬಂದುಬಿಡುತ್ತದೆ. ತೊಡಕು ಇರುವುದು ಇಲ್ಲಿಯೇ. ಅರ್ಥ ಬೇಗನೆ ದೊರೆತವನು ಸ್ವರವನ್ನು ಹುಡುಕುವುದಿಲ್ಲ. ಇವರೂ ಒಬ್ಬ ದೊಡ್ಡ ತತ್ತ್ವಪದಕಾರರು ಎಂದು ಕೈಮುಗಿದು, ಬೆಳಗಿನ ಪೂಜೆಯ ಹೊತ್ತಿಗೆ ಹಚ್ಚಿಟ್ಟು, ತನ್ನ ಕೆಲಸಕ್ಕೆ ತಾನು ಹೋಗುತ್ತಾನೆ. ಭಾರತದ ಸಂಗೀತದಲ್ಲಿ ಅತ್ಯಂತ ಸಾಹಸದ ಪ್ರಯೋಗಗಳನ್ನು ಮಾಡಿದ ಗಾಯಕನು ಭಜನೆಯ ಬುವಾ ಆಗಿ ಉಳಿಯುತ್ತಾನೆ. ಪ್ರಯೋಗವು ಪ್ರಯೋಗವೆಂದು ಗೊತ್ತಾಗಬೇಕಾದರೆ, ಅದು ಯಾವುದನ್ನು ಬಿಟ್ಟು ಹೊರಟಿತೆಂಬುದು ಮೊದಲು ಕಿವಿಗೆ ಗೊತ್ತಿರಬೇಕು.

ಈ ಸೀಮೆಯ ಕಿವಿಗೆ ಗೊತ್ತಿರುವುದು ಯಾವುದು? ಬಾದಾಮಿಗೆ ಹತ್ತಿರದ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಿರಾಣಾ ಗಾಯನ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಊರೂರಿಗೆ ಹಬ್ಬಿದ ಗವಾಯಿಗಳಿಂದಲೂ ಖ್ಯಾಲದ ಒಂದು ಕ್ರಮ ಇಲ್ಲಿಯ ಜನಕ್ಕೆ ರೂಢಿಯಾಗಿದೆ. ಆದುದರಿಂದ ಆರಂಭವನ್ನು ಭೀಮಪಲಾಸಿಯಿಂದ ಮಾಡುವುದು ಉಚಿತ. ಮಧ್ಯಾಹ್ನ ಇಳಿಯುವ ಹೊತ್ತಿನ ಆ ರಾಗ ಸಿನಿಮಾ ಹಾಡುಗಳ ಮೂಲಕವೂ ಎಲ್ಲರ ಕಿವಿಗೆ ಬಿದ್ದಿರುವಂಥದು. ಮೊದಲು ಭೀಮಸೇನರ ಭೀಮಪಲಾಸಿಯನ್ನು ಕೇಳಬೇಕು. ಅದೇ ದಿನ, ಅದೇ ಹೊತ್ತಿನಲ್ಲಿ, ಕುಮಾರರ ಭೀಮಪಲಾಸಿಯನ್ನು ಕೇಳಬೇಕು. ವಿಲಂಬಿತವು ಬೇಸರವೆನಿಸಿದರೆ ಎರಡರಲ್ಲಿಯೂ ಮಧ್ಯಲಯ ದ್ರುತಗಳ ಚೀಜುಗಳನ್ನು ಮಾತ್ರ ಕೇಳಿದರೂ ನಡೆದೀತು.

ಭೀಮಸೇನರು ರಾಗವನ್ನು ಬೆಟ್ಟದಂತೆ ಏರುತ್ತಾರೆ. ಮಂದ್ರದಲ್ಲಿ ತಳಪಾಯ, ಅಲ್ಲಿಂದ ಷಡ್ಜ, ಕೋಮಲ ಗಾಂಧಾರವನ್ನು ಮುಟ್ಟಿ ಮಧ್ಯಮದ ಮೇಲೆ ಬಹು ಹೊತ್ತು ನಿಲುಗಡೆ, ಆಮೇಲೆ ಪಂಚಮ, ನಿಷಾದ. ಒಂದೊಂದು ಮೆಟ್ಟಿಲನ್ನೂ ತುಳಿದು, ಗಟ್ಟಿಮಾಡಿಕೊಂಡು, ತಾರ ಷಡ್ಜವನ್ನು ಮುಟ್ಟುವಾಗ ಶ್ರೋತೃವೂ ಜೊತೆಯಲ್ಲಿ ಏರಿ ಬಂದಿರುತ್ತಾನೆ. ಮುಂದೆ ಏನು ಬರುವುದೆಂಬುದು ಅವನಿಗೆ ಗೊತ್ತು, ಬಂದಾಗ ಆನಂದಪಡುತ್ತಾನೆ. ಕುಮಾರರಲ್ಲಿ ಈ ಏರುವ ಕ್ರಮವೇ ಪ್ರಧಾನವಲ್ಲ. ಚೀಜಿನ ಮುಖಡಾ ಎಲ್ಲಿ ಬಂದು ಕೂಡುತ್ತದೆಯೋ ಆ ಜಾಗಕ್ಕೆ ಒಮ್ಮೆ ಕೆಳಗಿನಿಂದ ಬರುತ್ತಾರೆ, ಒಮ್ಮೆ ಮೇಲಿನಿಂದ ಜಾರುತ್ತಾರೆ, ಒಮ್ಮೆ ಅರ್ಧ ದಾರಿಯಲ್ಲಿ ಸ್ವರವನ್ನು ಎತ್ತರಕ್ಕೆ ಎಸೆದು ಅದು ಬೀಳುವ ಮುನ್ನ ಸುಮ್ಮನಾಗಿಬಿಡುತ್ತಾರೆ. ದನಿಯನ್ನು ತುಂಬಿ ಬಿಟ್ಟು ಮರುಕ್ಷಣವೇ ಪಿಸುಮಾತಿನಷ್ಟು ಇಳಿಸುತ್ತಾರೆ. ಮಧ್ಯಮದ ಮೇಲೆ ಕುಳಿತುಕೊಳ್ಳುವರೆಂದು ಕಿವಿ ಕಾದಿರುವಾಗ ಅದನ್ನು ಬೆರಳ ತುದಿಯಿಂದ ಮುಟ್ಟಿ ಹೊರಟುಹೋಗುತ್ತಾರೆ. ರಾಗ ಕೆಡಲಿಲ್ಲ, ಭೀಮಪಲಾಸಿ ಭೀಮಪಲಾಸಿಯಾಗಿಯೇ ಇದೆ. ಆದರೆ ಕಟ್ಟುವ ಬಗೆ ಬೇರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವನಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಇದಾದ ಮೇಲೆ ಬಾಗೇಶ್ರೀ, ನಂದಗಳನ್ನು ಇದೇ ರೀತಿ ಜೋಡಿಯಾಗಿ ಕೇಳಬಹುದು. ನಂದದಲ್ಲಿ ಕುಮಾರರ ಸ್ವಂತ ಚೀಜು ಉಂಟು. ವಾಗ್ಗೇಯಕಾರರಾಗಿ ಅವರ ಅಂಕಿತ 'ಶೋಕ' ಎಂದು. 1965ರಲ್ಲಿ ಪ್ರಕಟವಾದ 'ಅನೂಪರಾಗವಿಲಾಸ'ದಲ್ಲಿ ಅವರ ಇಂಥ ರಚನೆಗಳನ್ನು ಸ್ವರಲಿಪಿಸಹಿತ ಕೊಟ್ಟಿದೆ. ಹಾರ್ಮೋನಿಯಂ ಬಲ್ಲವರಿರುವ ಮನೆಗೆ ಅದು ಉಪಯುಕ್ತ ಗ್ರಂಥ.

ಮನಸೂರರ ಗಾಯನ ಕೇಳಿ ಬೆಳೆದವರು ಇಲ್ಲೊಂದು ಆಕ್ಷೇಪ ಎತ್ತಬಹುದು: ಅಪರೂಪದ ರಾಗಗಳೂ ಅನಿರೀಕ್ಷಿತವಾದ ತಿರುವುಗಳೂ ಮನಸೂರರಲ್ಲಿಯೂ ಬೇಕಾದಷ್ಟಿರುವಾಗ ಕುಮಾರರದೇನು ಹೆಚ್ಚು? ಹೆಚ್ಚೆಂದಲ್ಲ, ಬೇರೆ. ಮನಸೂರರ ಅಪರೂಪ ಅವರ ಜಯಪುರ ಅತ್ರೌಲಿ ಘರಾಣೆಯ ಹಗೇವಿನಿಂದ ತೆಗೆದದ್ದು. ಹಿರಿಯರು ತುಂಬಿಟ್ಟ ಕಾಳು. ಕುಮಾರರದು ತಾವೇ ಬಿತ್ತಿ ನೋಡಿದ್ದು. ಕೆಲವು ಮೊಳೆತವು, ಕೆಲವು ಮೊಳೆಯಲಿಲ್ಲ.

ಕುಮಾರರ ಈ ತುಣುಕು ತುಣುಕಾದ ಶೈಲಿಗೆ ಕ್ಷಯವೇ ಕಾರಣ, ಒಂದು ಪುಪ್ಪುಸ ಕೆಟ್ಟುಹೋದುದರಿಂದ ದೀರ್ಘವಾಗಿ ಹಾಡಲಾರದೆ ಹೀಗೆ ಮಾಡಿದರು ಎಂಬ ಮಾತು ಬಹು ದಿನದಿಂದ ನಡೆದುಬಂದಿದೆ. ಅರ್ಧ ಸತ್ಯವು ಪೂರ್ಣ ಸತ್ಯದ ಉಡುಪು ತೊಟ್ಟಿರುವುದಕ್ಕೆ ಇದೊಂದು ಉದಾಹರಣೆ. ರೋಗದಿಂದ ಉಸಿರು ಮೊಟಕಾದದ್ದು ನಿಜವಿರಬಹುದು. ಆದರೆ ಉಸಿರು ಸಾಲದೆ ಕಡಿಯುವ ಹಾಡು ಎಲ್ಲೆಂದರಲ್ಲಿ ಕಡಿಯುತ್ತದೆ; ಕುಮಾರರು ನಿಲ್ಲಿಸುವುದು ನಿಲ್ಲಿಸಬೇಕಾದಲ್ಲಿ. ದ್ರುತದಲ್ಲಿ ಅವರು ಮಿಂಚಿನಂತೆ ಎಸೆಯುವ ತಾನುಗಳನ್ನು ಕೇಳಿದವನು ಉಸಿರಿನ ಬಡತನವನ್ನು ಅಷ್ಟು ಸುಲಭವಾಗಿ ನಂಬಲಾರನು. ಕೊರತೆಯನ್ನು ಕೊರತೆಯಾಗಿ ಬಿಡದೆ ಅದನ್ನೇ ಒಂದು ರೀತಿಯಾಗಿ ಮಾಡಿಕೊಂಡದ್ದು ಬುದ್ಧಿಯ ಕೆಲಸ, ಪುಪ್ಪುಸದ್ದಲ್ಲ.

ಈ ಮೌನಗಳ ವಿಷಯದಲ್ಲಿ ಒಂದು ವ್ಯಾವಹಾರಿಕ ಸೂಚನೆ ಅವಶ್ಯ. ಕುಮಾರರು ತಂಬೂರಿಯನ್ನು ಚಿತ್ರಕಾರನ ಬಟ್ಟೆಯಂತೆ ಭಾವಿಸಿದವರು. ಅದರ ಶ್ರುತಿ ಕೂಡುವವರೆಗೆ ಹಾಡಲೊಲ್ಲದವರು. ಅವರು ಸುಮ್ಮನಾದಾಗ ಅಲ್ಲಿ ತಂಬೂರಿ ತುಂಬಿಕೊಂಡಿರುತ್ತದೆ, ಹಾಡಿದ ಸ್ವರ ಅದರೊಳಗೆ ಕರಗುತ್ತಿರುತ್ತದೆ. ಮೊಬೈಲಿನ ಸಣ್ಣ ಬಾಯಿಯಿಂದ ತಂಬೂರಿ ಹೊರಗೆ ಬರುವುದಿಲ್ಲ; ಅಡಿಗೆಮನೆಯ ಸದ್ದಿನಲ್ಲಂತೂ ಇಲ್ಲವೇ ಇಲ್ಲ. ಆಗ ಮೌನವು ಬರಿಯ ತೂತಾಗಿ ಕಾಣುತ್ತದೆ. ಇವರು ಹಾಡುವುದೇ ಕಡಿಮೆ, ನಿಲ್ಲಿಸುವುದೇ ಹೆಚ್ಚು ಎಂದು ಕೆಲವರು ದೂರುವುದು ಬಹುಶಃ ಹೀಗೆ ಕೇಳಿದ್ದರಿಂದ. ಒಳ್ಳೆಯ ಪೆಟ್ಟಿಗೆಯಿಂದಲೋ ಕಿವಿಗೆ ಹಚ್ಚಿಕೊಳ್ಳುವ ಯಂತ್ರದಿಂದಲೋ ಬಾಗಿಲು ಹಾಕಿಕೊಂಡು ಕೇಳಿದರೆ ಅರ್ಧ ತೊಂದರೆ ತಾನಾಗಿ ತೊಲಗುತ್ತದೆ.

ಎರಡನೆಯ ಮೆಟ್ಟಿಲು ಮಾಳವದ ಹಾಡುಗಳು. ಮನೆಯ ಹೆಂಗಸರು ಬೇಕಾದರೆ ಮೊದಲನೆಯದನ್ನು ಬಿಟ್ಟು ನೇರವಾಗಿ ಇಲ್ಲಿಂದಲೇ ಹೊಗಬಹುದು. ಬೀಸುವ ಪದ, ಸೋಬಾನೆ ಪದಗಳ ನೆನಪಿದ್ದವರಿಗೆ ಇಲ್ಲಿ ದುಭಾಷಿ ಬೇಕಾಗಿಲ್ಲ. ಹಾಸಿಗೆ ಹಿಡಿದ ದಿನಗಳಲ್ಲಿ ಕುಮಾರರು ಕೇಳಿದ್ದು ಈ ಹಾಡುಗಳನ್ನು: ಮದುವೆಯವು, ಹಬ್ಬದವು, ಮಳೆಗಾಲದವು, ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುವಂಥವು. ಹಳ್ಳಿಯ ಹಾಡನ್ನು ಪಟ್ಟಣದ ಸಭೆಗೆ ತಂದವರು ಬೇರೆ ಬಹು ಮಂದಿ ಇದ್ದಾರೆ. ಅವರು ತಂದದ್ದು ಹಾಡನ್ನು. ಕುಮಾರರು ಅದರೊಳಗೆ ಹುಡುಕಿದ್ದು ರಾಗದ ಬೀಜವನ್ನು. ರಾಗಗಳು ಶಾಸ್ತ್ರದಿಂದ ಹುಟ್ಟಿ ಹಳ್ಳಿಗೆ ಇಳಿದವಲ್ಲ, ಹಳ್ಳಿಯ ಧಾಟಿಯಿಂದಲೇ ಬೆಳೆದು ಶಾಸ್ತ್ರಕ್ಕೆ ಏರಿದವು ಎಂಬುದು ಅವರ ನಂಬಿಕೆ. ನಂಬಿಕೆಯನ್ನು ಮಾತಿನಲ್ಲಿ ಬಿಡದೆ ಹಾಗೆ ರಾಗಗಳನ್ನು ಬೆಳೆಸಿಯೂ ತೋರಿಸಿದರು. ಧಾಟಿಯಿಂದ ಹುಟ್ಟಿದವಾದುದರಿಂದ ಅವಕ್ಕೆ 'ಧುನ್ ಉಗಮ' ರಾಗಗಳೆಂದು ಹೆಸರು. ಮಾಲವತಿ, ಸಂಜಾರಿ, ಅಹಿಮೋಹಿನಿ, ಲಗನಗಾಂಧಾರ, ಸಹೇಲಿ ತೋಡಿ ಮುಂತಾದವು ಅವರು ಕಂಡ ರಾಗಗಳು.

ಇಳಕಲ್ಲ ಸೀರೆ ನೇಯುವುದನ್ನು ಕಂಡವರಿಗೆ ಈ ಕೆಲಸ ಬೇಗ ತಿಳಿದೀತು. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ನೋಡುವವರಿಗೆ ಕಾಣುವುದು ಒಂದೇ ಸೀರೆ. ಮಾಳವದ ಹಾಡನ್ನು ಮೊದಲು ಕೇಳಿ, ಅನಂತರ ಇಂಥ ಒಂದು ರಾಗವನ್ನು ಕೇಳಿದರೆ ಕುಮಾರರು ಕೊಂಡಿ ಹಾಕಿದ ಜಾಗ ಸಿಕ್ಕೀತು. ರಾಗವನ್ನೊಂದೇ ಕೇಳಿದರೆ ಸಿಕ್ಕುವುದಿಲ್ಲ. ಮಧಸುರಜಾ ಎಂಬ ರಾಗದಲ್ಲಿ ದೇವಿಯ ಗುಡಿಯ ಮುಂದೆ ಬಲಿಗೆ ನಿಂತ ಪ್ರಾಣಿಯ ಮೊರೆಯನ್ನೇ ಚೀಜಿನ ಮಾತಾಗಿ ಮಾಡಿದ್ದಾರೆ. ಜಾತ್ರೆಯ ದಿನ ಅಂಥ ಕೂಗನ್ನು ಕೇಳಿದವರಿಗೆ ಅದು ಬರಿಯ ಸಂಗೀತವಾಗಿ ಉಳಿಯಲಾರದು. ಗಾಂಧೀಜಿಯವರ ನೆನಪಿಗೆ ಕಟ್ಟಿದ 'ಗಾಂಧಿ ಮಲ್ಹಾರ'ವನ್ನು ಮಾತ್ರ ಆರಂಭದಲ್ಲಿ ಕೇಳದಿರುವುದು ಲೇಸು. ಹೆಸರಿನ ಭಾರವು ಸ್ವರದ ಮೇಲೆ ಕುಳಿತು, ಕೇಳುವವನು ರಾಗವನ್ನು ಬಿಟ್ಟು ಮಹಾತ್ಮರನ್ನು ಹುಡುಕತೊಡಗುತ್ತಾನೆ. ಹೊಸ ರಾಗಗಳೆಲ್ಲವೂ ಸಮಾನವಾಗಿ ಗೆದ್ದಿವೆಯೆಂದು ಹೇಳಲಾಗದು. ಅವುಗಳನ್ನು ಅವರ ಶಿಷ್ಯಪರಿವಾರದ ಹೊರಗೆ ಎತ್ತಿಕೊಂಡವರು ಹೆಚ್ಚಿಲ್ಲವೆಂಬುದೂ ಗಮನಿಸತಕ್ಕ ಮಾತೇ.

ಋತುಗೀತಗಳಲ್ಲಿ 'ಗೀತವರ್ಷಾ' ಒಂದನ್ನು ಕೇಳಿದರೆ ಸದ್ಯಕ್ಕೆ ಸಾಕು. ಹಳ್ಳಿಯ ಮಳೆಹಾಡೂ ಮಲ್ಹಾರದ ಚೀಜೂ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕೂಡುತ್ತವೆ. ಮಳೆಯ ದಾರಿ ಕಾಯುವುದೇ ರೂಢಿಯಾದ ಈ ಬಯಲುಸೀಮೆಗೆ ಅದು ಎರಡರಷ್ಟು ರುಚಿಸೀತು. ವಾಣಿ ಜಯರಾಂ ಅವರೊಡನೆ ಹಾಡಿದ ಮರಾಠಿ ಯುಗಳಗೀತೆ ಮುಂಬಯಿ ಕರ್ನಾಟಕದ ಮನೆಗಳಲ್ಲಿ ಬಹು ಪ್ರಿಯವಾದದ್ದು, ಸೊಗಸಾದದ್ದು, ಆದರೆ ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ.

ಇಷ್ಟಾದ ಮೇಲೆ ನಿರ್ಗುಣ ಪದಗಳಿಗೆ ಬರಬೇಕು. ಈಗ ಅವು ಬೇರೆಯಾಗಿಯೇ ಕೇಳಿಸುತ್ತವೆ. ದೇವಾಸದ ಕಡೆಯ ನಾಥಪಂಥದ ಜೋಗಿಗಳ ಬಾಯಿಯಿಂದ ಕೇಳಿದ ಧಾಟಿಯೊಂದು ಇದರ ಮೂಲ. ಜೋಗಿಯು ಯಾರಿಗಾಗಿಯೂ ಹಾಡುವುದಿಲ್ಲ, ಹಾಡುತ್ತ ಹೊರಟುಹೋಗುತ್ತಾನೆ. ಆ ಒಂಟಿತನವನ್ನು ಸಭೆಯ ಎದುರಿಗೆ ಕುಳಿತು ಹೇಗೆ ಹಾಡುವುದು? ಭಜನೆಯ ಮೇಳದಲ್ಲಿ ಹಾಡುವವರು ಕೇಳುವವರನ್ನು ತಮ್ಮೊಡನೆ ಕೂಡಿಸಿಕೊಳ್ಳುತ್ತಾರೆ. ತಾಳ ಏರುತ್ತದೆ, ದನಿಗಳು ಬೆರೆಯುತ್ತವೆ. ಕುಮಾರರು ಕೂಡಿಸಿಕೊಳ್ಳುವುದಿಲ್ಲ. ಪದವನ್ನು ಎತ್ತರಕ್ಕೆ ಎಸೆಯುತ್ತಾರೆ, ಠೇಕಾ ಸುಮ್ಮನೆ ನಡೆದಿರುತ್ತದೆ, ಆ ಸ್ವರ ಹೋದ ದಾರಿಯನ್ನು ಕೇಳುವವನು ಒಬ್ಬನೇ ನೋಡುತ್ತ ಕೂಡಬೇಕಾಗುತ್ತದೆ. ಭೀಮಪಲಾಸಿಯಲ್ಲಿ ಮಧ್ಯಮವನ್ನು ಮುಟ್ಟಿ ಬಿಟ್ಟ ಕೈಯೇ ಇದು. ಮಾಳವದ ಹೆಂಗಸರ ನಾಲ್ಕು ಸ್ವರಗಳ ಬಡತನವೇ ಇದು. ಕಬೀರನ ಶೂನ್ಯವು ಮಾತಿನಲ್ಲಿ ಬಂದು ಮುಗಿಯದೆ, ದನಿ ನಿಂತ ಮೇಲೆ ಉಳಿಯುವ ಅವಕಾಶದಲ್ಲಿ ಬರುತ್ತದೆ. ಭಕ್ತಿಯಿಂದ ಕೇಳಿದವನಿಗೆ ಇದು ತಪ್ಪಿಹೋಗುತ್ತದೆಂದಲ್ಲ. ಆದರೆ ಸ್ವರದ ಮೂಲಕ ಬಂದವನಿಗೆ ಭಕ್ತಿಯೂ ಉಳಿಯುತ್ತದೆ, ಅದಕ್ಕೊಂದು ಕಾರಣವೂ ದೊರೆಯುತ್ತದೆ. ಈ ಪದಗಳನ್ನು ಕುರಿತು ಅಮೇರಿಕೆಯ ವಿದುಷಿ ಲಿಂಡಾ ಹೆಸ್ ಅವರು 2009ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇಂಗ್ಲಿಷ್ ಓದುವವರು ಪದಗಳನ್ನು ಕೇಳಿದ ಮೇಲೆ ಅದನ್ನು ನೋಡಬಹುದು, ಮೊದಲಲ್ಲ.

ಎಲ್ಲಕ್ಕೂ ಕೊನೆಗೆ ಇಡತಕ್ಕದ್ದು 'ಮಲಾ ಉಮಜಲೇಲೇ ಬಾಲಗಂಧರ್ವ', ಅಂದರೆ ತಮಗೆ ತಿಳಿದುಬಂದ ಬಾಲಗಂಧರ್ವರು. ಆ ಮಹಾನಟನ ನಾಟ್ಯಗೀತಗಳನ್ನು ಕುಮಾರರು ತಮ್ಮ ಬುದ್ಧಿಗೆ ಕಂಡಂತೆ ಹಾಡಿದ ಸಂಗ್ರಹವಿದು. ಅನುಕರಣವಲ್ಲ, ಅನುವಾದವೂ ಅಲ್ಲ. ಒಬ್ಬ ಗಾಯಕನು ಇನ್ನೊಬ್ಬನನ್ನು ಕುರಿತು ಸ್ವರದಲ್ಲಿಯೇ ಬರೆದ ವಿಮರ್ಶೆಯೆನ್ನಬಹುದು. ಮೂಲವನ್ನು ಕೇಳದ ತರುಣರಿಗೆ ಇದರ ಸ್ವಾರಸ್ಯ ಮೂರರಲ್ಲಿ ಒಂದು ಪಾಲೂ ದಕ್ಕದು. ಆದರೆ ಬನಶಂಕರಿಯ ಜಾತ್ರೆಯ ನಾಟಕಗಳಲ್ಲಿ ರಾತ್ರಿ ಬೆಳಗು ಮಾಡಿ ರಂಗಗೀತಗಳ ರುಚಿ ಹತ್ತಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ, ಮೇಲೆ ಹೇಳಿದ ಕ್ರಮವನ್ನೆಲ್ಲ ತಲೆಕೆಳಗು ಮಾಡಿ ಅವರಿಗೆ ಮೊದಲು ಇದನ್ನೇ ಕೇಳಿಸಬೇಕು. ಬಾಲಗಂಧರ್ವರ ಮಂಡಳಿಯಲ್ಲಿ ನಾಯಿಕೆಯಾಗಿ ಹಾಡಿದ ಗೋಹರಬಾಯಿ ಕರ್ನಾಟಕಿಯವರು ಇದೇ ಜಿಲ್ಲೆಯ ಬೀಳಗಿಯವರು. ಸಿನಿಮಾ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರಬಾಯಿಯವರ ಸೋದರಿ. ಹಿರಿಯರ ಬಾಯಿಂದ ಗೋಹರರ ಮಾತು ಬಂದೀತು, ಬಾಲಗಂಧರ್ವರ ಒಂದು ಪದದ ಅರ್ಧ ಸಾಲೂ ಬಂದೀತು. ಅದೇ ಪದವನ್ನು ಕುಮಾರರು ಎಲ್ಲಿ ತಿರುಗಿಸಿದರು, ಎಲ್ಲಿ ಬಿಟ್ಟರು, ಎಲ್ಲಿ ಹಾಗೆಯೇ ಉಳಿಸಿದರು ಎಂಬುದನ್ನು ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳು ಆ ಅರ್ಧ ಸಾಲಿನಿಂದಲೇ ಗುರುತಿಸಬಹುದು.